ಸಂತಾನ ನಿಯಮನದ ಹೊರೆ ಯಾರ ಹೆಗಲ ಮೇಲೆ?

ಸಭ್ಯರ ನಡುವೆ ಎತ್ತಬಾರದ ಮಾತೆಂದು ನಮ್ಮ ಸಮಾಜವು ಬದಿಗಿರಿಸಿದ ವಿಷಯಗಳಲ್ಲಿ ಸಂತಾನ ನಿಯಮನವೂ ಒಂದು. ಮಳೆಬೆಳೆಯನ್ನು ಕುರಿತು, ಪೇಟೆಯ ಧಾರಣೆಯನ್ನು ಕುರಿತು, ಚುನಾವಣೆಯನ್ನು ಕುರಿತು ತಾಸುಗಟ್ಟಲೆ ಚರ್ಚಿಸುವ ಗೃಹಸ್ಥರು, ತಮ್ಮ ಮನೆಯಲ್ಲಿ ಎಷ್ಟು ಮಕ್ಕಳಿರಬೇಕು, ಎಷ್ಟು ಅಂತರದಲ್ಲಿರಬೇಕು, ಅದಕ್ಕೆ ಯಾವ ಉಪಾಯವನ್ನು ಹಿಡಿಯಬೇಕು ಎಂಬದನ್ನು ಕುರಿತು ಹೆಂಡತಿಯೊಡನೆ ಒಂದು ಗಳಿಗೆ ಕುಳಿತು ಮಾತನಾಡಿರುವದಿಲ್ಲ. ಆದರೆ ಮಾತನಾಡದೆ ಬಿಟ್ಟ ಮಾತ್ರಕ್ಕೆ ಯಾವ ಪ್ರಶ್ನೆಯೂ ಸುಮ್ಮನೆ ಉಳಿಯುವದಿಲ್ಲ. ಅದನ್ನು ಮತ್ತೊಬ್ಬರು ತೀರ್ಮಾನಿಸಿಬಿಡುತ್ತಾರೆ. ನಮ್ಮಲ್ಲಿ ಅದನ್ನು ತೀರ್ಮಾನಿಸಿದವರು ಒಮ್ಮೆ ಮನೆಯ ಹಿರಿಯರು, ಒಮ್ಮೆ ಸರಕಾರ. ಅದರ ಫಲವನ್ನು ಅನುಭವಿಸಿದವಳು ಮಾತ್ರ ಯಾವಾಗಲೂ ಹೆಂಗಸೇ. ಈ ಸಂಗತಿಯನ್ನು ಇಂದು ನಮ್ಮ ವಾಚಕರ ಮುಂದೆ, ವಿಶೇಷವಾಗಿ ಗೃಹಸ್ಥರ ಮತ್ತು ಅಧಿಕಾರಿವರ್ಗದ ಮುಂದೆ, ಮುಚ್ಚುಮರೆಯಿಲ್ಲದೆ ಇಡಲಿಚ್ಛಿಸುತ್ತೇವೆ.

ಮೊದಲು ಒಂದು ಲೆಕ್ಕವನ್ನು ನೋಡೋಣ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಗಂಡನೇ ಶಸ್ತ್ರಕ್ರಿಯೆ ಮಾಡಿಸಿಕೊಂಡಿರುವ ಕುಟುಂಬಗಳ ಪ್ರಮಾಣವೆಷ್ಟು? ವರದಿಯ ಕೋಷ್ಟಕದಲ್ಲಿ ಆ ಸ್ಥಾನದಲ್ಲಿ ನಮೂದಾಗಿರುವದು ಸೊನ್ನೆ, ಬಿಂದು, ಸೊನ್ನೆ. ಇಡೀ ಭಾರತದ ಲೆಕ್ಕವನ್ನು ತೆಗೆದುಕೊಂಡರೂ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 38. ಪುರುಷರಲ್ಲಿ ಸಾವಿರಕ್ಕೆ ಮೂವರು. ಅದೇ ಸಮೀಕ್ಷೆಯಲ್ಲಿ, ಗರ್ಭನಿರೋಧವು ಹೆಂಗಸರ ಕೆಲಸ, ಗಂಡಸರು ಅದನ್ನು ಕುರಿತು ತಲೆಕೆಡಿಸಿಕೊಳ್ಳಬೇಕಾಗಿಲ್ಲವೆಂಬ ಮಾತನ್ನು ಸುಮಾರು ಮೂರನೆಯ ಒಂದು ಪಾಲು ಗಂಡಸರು ಒಪ್ಪಿದರು. ಮಕ್ಕಳು ಇಬ್ಬರಿಗೂ ಸೇರಿದವರು. ಅವರ ಹೆಸರಿನ ಮುಂದೆ ಬರುವದು ತಂದೆಯ ಹೆಸರು. ಆದರೆ ಅವರನ್ನು ಮಿತಗೊಳಿಸುವ ನೋವು ಮಾತ್ರ ತಾಯಿಯದು! ಇದು ನ್ಯಾಯವೆಂದು ಹೇಳುವ ಧೈರ್ಯವು ನಮಗಿಲ್ಲ.

ಈ ಸ್ಥಿತಿಯು ಒಂದು ದಿನದಲ್ಲಿ ಒದಗಿದ್ದಲ್ಲ. ಇದರ ಹಿಂದೆ ಸುಮಾರು ನೂರು ವರ್ಷಗಳ ಕಥೆಯಿದೆ. ಅದರಲ್ಲಿ ಕನ್ನಡಿಗರ ಪಾಲು ಚಿಕ್ಕದಲ್ಲ. 1921ರಲ್ಲಿ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ಸಂತಾನ ನಿಯಮನದ ಸಲಹಾ ಕೇಂದ್ರವನ್ನು ತೆರೆದರು. ಅವರು ಮಹರ್ಷಿ ಕರ್ವೆಯವರ ಪುತ್ರರು, ಗಣಿತದ ಅಧ್ಯಾಪಕರು. ಈ ಕಾರ್ಯಕ್ಕಾಗಿ ಅವರು ತಮ್ಮ ಕಾಲೇಜಿನ ನೌಕರಿಯನ್ನು ಕಳೆದುಕೊಳ್ಳಬೇಕಾಯಿತು. ಅವರ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯ ಮೇಲೆ ಅಶ್ಲೀಲತೆಯ ಖಟ್ಲೆಗಳಾದವು. 1934ರಲ್ಲಿ ಅಂಥದೊಂದು ಖಟ್ಲೆಯಲ್ಲಿ ಅವರ ಪಕ್ಷವನ್ನು ವಹಿಸಿ ವಾದಿಸಿದವರು ಡಾಕ್ಟರ ಅಂಬೇಡಕರರು. ಈ ನಡುವೆ, 1930ರಲ್ಲಿ, ಮೈಸೂರು ಸಂಸ್ಥಾನದ ಸರಕಾರವು ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಮನ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ಜಗತ್ತಿನಲ್ಲಿ ಸರಕಾರವೊಂದು ತಾನೇ ಮುಂದಾಗಿ ತೆರೆದ ಮೊದಲ ಕೇಂದ್ರಗಳೆಂದು ಇವು ಹೆಸರಾಗಿವೆ. ಬೇರೆ ದೇಶಗಳಲ್ಲಿ ಇಂಥ ಸಲಹೆ ಕೊಟ್ಟವರನ್ನು ನ್ಯಾಯಾಲಯಕ್ಕೆ ಎಳೆಯುತ್ತಿದ್ದ ಕಾಲದಲ್ಲಿ ಕನ್ನಡ ನಾಡಿನ ಒಂದು ಸರಕಾರವು ಇಷ್ಟು ಮುಂದೆ ಹೋಯಿತೆಂಬದು ಅಭಿಮಾನದ ಸಂಗತಿಯೇ ಸರಿ.

1935ರ ಡಿಸೆಂಬರದಲ್ಲಿ ಅಮೇರಿಕೆಯ ಮಾರ್ಗರೆಟ್ ಸ್ಯಾಂಗರ್ ಎಂಬ ಮಹಿಳೆಯು ವರ್ಧೆಗೆ ಬಂದು ಮಹಾತ್ಮಾ ಗಾಂಧಿಯವರನ್ನು ಕಂಡು ಈ ವಿಷಯವನ್ನು ಚರ್ಚಿಸಿದರು. ಸಂತಾನವು ಮಿತವಾಗಿರಬೇಕೆಂಬದನ್ನು ಮಹಾತ್ಮರು ಅಲ್ಲಗಳೆಯಲಿಲ್ಲ. ಆದರೆ ಕೃತಕ ಸಾಧನಗಳನ್ನು ಅವರು ಒಪ್ಪಲಿಲ್ಲ. ಸಂಯಮವೊಂದೇ ಅದಕ್ಕೆ ಮಾರ್ಗವೆಂದು ಅವರ ಅಭಿಪ್ರಾಯ. ಅನುಭವವು ಈ ವಿಷಯದಲ್ಲಿ ಅವರ ಮಾರ್ಗವನ್ನು ಅನುಸರಿಸಲಿಲ್ಲ. ಕೋಟ್ಯಂತರ ಕುಟುಂಬಗಳು ಸಾಧನಗಳ ಮೊರೆಹೊಕ್ಕವು. ಆದರೂ ಆ ಚರ್ಚೆಯ ಒಂದು ಅಂಶವು ಇಂದಿಗೂ ಮನನೀಯವಾಗಿದೆ. ಹೆಂಡತಿಯು ಗಂಡನಿಗೆ 'ಬೇಡ' ಎಂದು ಹೇಳಲು ಕಲಿಯಬೇಕು, ಆ ಅಧಿಕಾರವು ಅವಳಿಗುಂಟು, ಎಂದು ಮಹಾತ್ಮರು ಸಾರಿದ್ದರು. ಸಂಯಮದ ಭಾರವನ್ನು ಅವರು ಪುರುಷನ ಮೇಲೂ ಹೊರಿಸಿದ್ದರು. ಅವರ ಹೆಸರನ್ನು ಹೇಳಿ ಸಾಧನಗಳನ್ನು ಬೇಡವೆಂದವರು ಈ ಅರ್ಧ ಮಾತನ್ನು ಮರೆತರು. ಅವರ ಮಾತನ್ನು ಬಿಟ್ಟು ಸಾಧನಗಳನ್ನು ಹಿಡಿದವರೂ ಇದನ್ನೇ ಮರೆತರು.

ಸ್ವಾತಂತ್ರ್ಯ ಬಂದ ಬಳಿಕ, 1952ರಲ್ಲಿ, ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಕೈಕೊಂಡಿತು. ಹಾಗೆ ಮಾಡಿದ ಮೊದಲ ದೇಶವು ನಮ್ಮದು. ಆಗಿನ ಆರೋಗ್ಯ ಮಂತ್ರಿಗಳಾದ ರಾಜಕುಮಾರಿ ಅಮೃತ ಕೌರರು ಗಾಂಧೀಜಿಯವರ ಅನುಯಾಯಿಗಳು. ಋತುಚಕ್ರದ ದಿನಗಳನ್ನು ಎಣಿಸಿ ಸಂಯಮದಿಂದಿರುವ ಪದ್ಧತಿಯು ಅವರಿಗೆ ಸಮ್ಮತವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅದರ ಪರೀಕ್ಷೆಯು ದಿಲ್ಲಿಯ ಲೋದಿ ಕಾಲೊನಿಯಲ್ಲಿಯೂ ನಮ್ಮ ರಾಮನಗರದಲ್ಲಿಯೂ ನಡೆಯಿತು. ಅಕ್ಷರವರಿಯದ ಹೆಂಗಸರಿಗೆ ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ಕೊಟ್ಟು, ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಿ ಎಂದು ಹೇಳಿಕೊಟ್ಟರು. ಪದ್ಧತಿಯು ಜನರಲ್ಲಿ ನೆಲೆಗೊಳ್ಳಲಿಲ್ಲ. ಅದು ನೆಲೆಗೊಳ್ಳದ್ದರಲ್ಲಿ ಆಶ್ಚರ್ಯವೇನು? ಮಣಿಯನ್ನು ಎಣಿಸುವವಳು ಹೆಂಡತಿ. ಆ ಎಣಿಕೆಯನ್ನು ಮನ್ನಿಸಬೇಕಾದವನು ಗಂಡ. ಗಂಡನ ಒಪ್ಪಿಗೆಯಿಲ್ಲದೆ ನಡೆಯಲಾರದ ಉಪಾಯವನ್ನು ಹೆಂಡತಿಯೊಬ್ಬಳ ಕೊರಳಿಗೆ ಕಟ್ಟಿದರೆ ಅದು ಫಲಿಸಲಾರದು.

ಮುಂದಿನ ಅಧ್ಯಾಯವು ಇದಕ್ಕೆ ತೀರ ವ್ಯತಿರಿಕ್ತವಾದದ್ದು. ಇಂದಿನ ತರುಣ ವಾಚಕರಿಗೆ ಇದು ಆಶ್ಚರ್ಯವೆನಿಸಬಹುದು: ಅರವತ್ತರ ದಶಕದಲ್ಲಿ ನಮ್ಮ ದೇಶದಲ್ಲಿ ಈ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಹೆಚ್ಚಿನವರು ಗಂಡಸರು. 1971ರ ಜುಲೈ ತಿಂಗಳಲ್ಲಿ ಕೇರಳದ ಎರ್ನಾಕುಲಮ್‌ದಲ್ಲಿ ನಡೆದ ಒಂದೇ ಶಿಬಿರದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಪುರುಷರು ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಗಂಡಸರು ಎಂದಿಗೂ ಮುಂದೆ ಬರಲಾರರೆಂಬ ಮಾತು ಸುಳ್ಳೆಂಬದಕ್ಕೆ ಇಷ್ಟು ಸಾಕು. ಆದರೆ 1975ರಲ್ಲಿ ತುರ್ತುಪರಿಸ್ಥಿತಿ ಬಂದಿತು. 1976-77ರ ಒಂದೇ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಮೀರಿ ಶಸ್ತ್ರಕ್ರಿಯೆಗಳಾದವು. ಅವುಗಳಲ್ಲಿ ಬಹುಪಾಲು ಪುರುಷರವು. ಶಿಕ್ಷಕರಿಗೆ ಸಂಖ್ಯೆ, ಗುಮಾಸ್ತರಿಗೆ ಸಂಖ್ಯೆ, ಪೋಲೀಸರಿಗೆ ಸಂಖ್ಯೆ! ಬಡವರನ್ನೂ ಮುದುಕರನ್ನೂ ಅವಿವಾಹಿತರನ್ನೂ ಬಿಡದೆ ಹಿಡಿದು ತಂದ ವಿವರಗಳು ಶಾಹಾ ಆಯೋಗದ ವರದಿಯಲ್ಲಿ ದಾಖಲಾಗಿವೆ. 1977ರ ಚುನಾವಣೆಯಲ್ಲಿ ಜನರು ಅದಕ್ಕೆ ತಕ್ಕ ಉತ್ತರವನ್ನು ಕೊಟ್ಟರು. 'ಕುಟುಂಬ ಯೋಜನೆ' ಎಂಬ ಹೆಸರನ್ನೇ ಬಿಟ್ಟು ಸರಕಾರವು 'ಕುಟುಂಬ ಕಲ್ಯಾಣ' ಎಂದು ಕರೆಯತೊಡಗಿತು.

ಹೆಸರು ಬದಲಾಯಿತು; ಸಂಖ್ಯೆಯ ಹುಚ್ಚು ಬಿಡಲಿಲ್ಲ. ಮತದಾರನಾದ ಗಂಡಸನ್ನು ಮುಟ್ಟಿದರೆ ಅಪಾಯವೆಂಬದನ್ನು ಅಧಿಕಾರಿವರ್ಗವು ಕಲಿತುಕೊಂಡಿತು; ಒತ್ತಾಯವೇ ತಪ್ಪೆಂಬದನ್ನು ಕಲಿಯಲಿಲ್ಲ. ಆದ್ದರಿಂದ ಶಿಬಿರಗಳು ಹೆಂಗಸರ ಕಡೆಗೆ ತಿರುಗಿದವು. ಸರಕಾರವು ಕಾಗದದ ಮೇಲೆ ಗುರಿಯ ಪದ್ಧತಿಯನ್ನು 1996ರಲ್ಲಿ ಕೈಬಿಟ್ಟಿತು. ಆದರೆ 2014ರ ನವೆಂಬರದಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯಲ್ಲಿ ಏನಾಯಿತು? ಒಂದು ಶಿಬಿರದಲ್ಲಿ ಕೆಲವೇ ತಾಸುಗಳಲ್ಲಿ 83 ಮಂದಿ ಹೆಂಗಸರ ಶಸ್ತ್ರಕ್ರಿಯೆಯು ಮುಗಿದುಹೋಯಿತು. ಆ ವಾರದ ಶಿಬಿರಗಳಿಗೆ ಹೋದವರಲ್ಲಿ 13 ಮಂದಿ ಹೆಂಗಸರು ಪ್ರಾಣ ಕಳೆದುಕೊಂಡರು. ಅವರು ರೋಗಿಗಳಾಗಿ ಹೋದವರಲ್ಲ. ಆರೋಗ್ಯವಂತರಾಗಿ, ಎಳೆಯ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋದವರು. 2016ರ ಸೆಪ್ಟೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ದೇವಿಕಾ ಬಿಸ್ವಾಸರ ಅರ್ಜಿಯ ಮೇಲೆ ತೀರ್ಪಿತ್ತು, ಮೂರು ವರ್ಷಗಳಲ್ಲಿ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು ಆದೇಶಿಸಿತು.

ಇಷ್ಟೆಲ್ಲ ಒತ್ತಾಯವನ್ನು ಸಮರ್ಥಿಸುವದಕ್ಕೆ ಒಂದು ಕಾರಣವನ್ನು ಮುಂದೆ ಮಾಡುತ್ತಿದ್ದರು. ಅದು ಜನಸಂಖ್ಯೆಯ ಸ್ಫೋಟ. ಆ ಕಾರಣದ ಬಲವೂ ಈಗ ಕುಂದಿದೆ. ಒಬ್ಬ ಸ್ತ್ರೀಯು ತನ್ನ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆಯು 1992-93ರ ಮೊದಲನೆಯ ಸಮೀಕ್ಷೆಯಲ್ಲಿ ಭಾರತಕ್ಕೆ 3.4 ಇದ್ದದ್ದು, 2019-21ರಲ್ಲಿ 2.0ಕ್ಕೆ ಇಳಿಯಿತು, ಕರ್ನಾಟಕದಲ್ಲಿ 1.7. ಜನಸಂಖ್ಯೆಯು ಏರದೆ ಇಳಿಯದೆ ನಿಲ್ಲುವದಕ್ಕೆ ಬೇಕಾದ ಪ್ರಮಾಣವು 2.1. ಸಂಯುಕ್ತ ರಾಷ್ಟ್ರಸಂಘದ ಅಂದಾಜಿನಂತೆ 2023ರಲ್ಲಿ ನಮ್ಮ ಜನಸಂಖ್ಯೆಯು ಚೀನದ್ದನ್ನು ಮೀರಿತೆಂಬದು ನಿಜ. ಆದರೆ ಅದು ಹಿಂದಿನ ತಲೆಮಾರಿನ ಜನನಗಳ ಫಲ, ಇಂದಿನ ಮನೆಗಳ ತಪ್ಪಲ್ಲ. 'ಅಷ್ಟಪುತ್ರಾ ಸೌಭಾಗ್ಯವತೀ ಭವ' ಎಂದು ಹರಸುವ ಪುರೋಹಿತರ ಮನೆಯಲ್ಲಿಯೂ ಈಗ ಇರುವವರು ಆರತಿಗೊಬ್ಬಳು, ಕೀರ್ತಿಗೊಬ್ಬ. ಹೀಗಿರುವಾಗ ಸಂತಾನ ನಿಯಮನದ ಉದ್ದೇಶವೇನು? ತಾಯಿಯ ಆರೋಗ್ಯ, ಮಗುವಿನ ಪುಷ್ಟಿ, ದಂಪತಿಗಳ ಇಚ್ಛೆ ಇವೇ ಅದರ ಉದ್ದೇಶವೆಂದು ನಾವು ತಿಳಿಯುತ್ತೇವೆ. ಆ ಉದ್ದೇಶಕ್ಕೆ ಒಂದೇ ಉಪಾಯವು ಎಲ್ಲರಿಗೂ ಒಪ್ಪಲಾರದು.

ಆದರೆ ನಮ್ಮಲ್ಲಿ ನಡೆದಿರುವದೇನು? ಮದುವೆ, ಬೇಗನೆ ಒಂದು ಮಗು, ಅದರ ಹಿಂದೆಯೇ ಇನ್ನೊಂದು, ಕೂಡಲೇ ಶಸ್ತ್ರಕ್ರಿಯೆ. ಎಷ್ಟೋ ಹೆಂಗಸರಿಗೆ ಮೂವತ್ತು ತುಂಬುವ ಮೊದಲೇ ಇದೆಲ್ಲವೂ ಮುಗಿದಿರುತ್ತದೆ. ಹೆರಿಗೆಯಾದ ಬಳಿಕ ಮತ್ತೆ ಗರ್ಭ ಧರಿಸುವದಕ್ಕೆ ಕನಿಷ್ಠ ಎರಡು ವರ್ಷಗಳ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆ ಅಂತರವನ್ನು ಕಾಯುವ ಉಪಾಯಗಳ ಜ್ಞಾನವು ಮನೆಗೆ ಬರುವ ಮೊದಲೇ ಎರಡನೆಯ ಗರ್ಭವು ಬಂದಿರುತ್ತದೆ. ಆದಕಾರಣ ಸರಕಾರಿ ಆಸ್ಪತ್ರೆಗಳಲ್ಲಿಯೇ ದೊರೆಯುವ ಉಪಾಯಗಳನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವದು ಉಚಿತವೆನಿಸುತ್ತದೆ.

ಎಲ್ಲಕ್ಕೂ ಸರಳವಾದದ್ದು ಪುರುಷರು ಧರಿಸುವ ನಿರೋಧ. ಅದು 1968ರಿಂದ ನಮ್ಮ ದೇಶದಲ್ಲಿ ಆ ಹೆಸರಿನಿಂದಲೇ ಪ್ರಚಾರದಲ್ಲಿದೆ. ಶರೀರದೊಳಗೆ ಯಾವ ಔಷಧವೂ ಹೋಗುವದಿಲ್ಲ. ಗರ್ಭದ ಜೊತೆಗೆ ಎಚ್.ಐ.ವಿ. ಮೊದಲಾದ ಸೋಂಕುಗಳನ್ನೂ ತಡೆಯುವ ಗುಣವು ಇದರಲ್ಲಿ ವಿಶೇಷವಾಗಿದೆ. ಆದರೆ ಪ್ರತಿಸಲವೂ ತಪ್ಪದೆ, ಸರಿಯಾಗಿ ಬಳಸಬೇಕು. ಅಲಕ್ಷ್ಯವಾದರೆ ವರ್ಷಕ್ಕೆ ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಗರ್ಭ ನಿಲ್ಲಬಹುದು. ಎರಡನೆಯದು ನಿತ್ಯವೂ ನುಂಗುವ ಗುಳಿಗೆ. ತಪ್ಪದೆ ನುಂಗಿದರೆ ಅದು ಬಹಳ ಪರಿಣಾಮಕಾರಿ. ಆದರೆ ರಕ್ತದೊತ್ತಡವುಳ್ಳವರು, ಮೂವತ್ತೈದು ದಾಟಿ ಧೂಮಪಾನ ಮಾಡುವವರು, ಕೆಲವು ಬಗೆಯ ತಲೆಶೂಲೆಯವರು, ಆರು ತಿಂಗಳೊಳಗಿನ ಕೂಸಿಗೆ ಮೊಲೆಯೂಡುವವರು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ಮೂರನೆಯದು 'ಛಾಯಾ' ಎಂಬ ಗುಳಿಗೆ. ಇದರ ಮದ್ದನ್ನು ಕಂಡುಹಿಡಿದವರು ಲಖನೌದ ಕೇಂದ್ರೀಯ ಔಷಧ ಸಂಶೋಧನ ಸಂಸ್ಥೆಯ ನಮ್ಮ ವಿಜ್ಞಾನಿಗಳೇ. ಇದರಲ್ಲಿ ಹಾರ್ಮೋನುಗಳಿಲ್ಲ, ಮೊದಲ ಮೂರು ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದು ನುಂಗಬೇಕು, ಮುಟ್ಟು ಕೆಲವರಲ್ಲಿ ತಡವಾಗಬಹುದು, ಮೊಲೆಯೂಡುವ ತಾಯಂದಿರಿಗೂ ಇದು ಸಲ್ಲುತ್ತದೆ. ನಾಲ್ಕನೆಯದು 'ಅಂತರಾ' ಎಂಬ ಚುಚ್ಚುಮದ್ದು; ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬೇಕು. ಇದರಿಂದ ಮುಟ್ಟಿನಲ್ಲಿ ಏರುಪೇರಾಗುವದುಂಟು. ನಿಲ್ಲಿಸಿದ ಮೇಲೆ ಗರ್ಭ ನಿಲ್ಲುವದಕ್ಕೆ ಕೆಲವು ತಿಂಗಳು ತಡವಾಗುವದೂ ಉಂಟು. ಈ ಮಾತನ್ನು ಮೊದಲೇ ತಿಳಿಸಿದರೆ ಹೆಂಗಸರು ಗಾಬರಿಯಾಗುವದಿಲ್ಲ.

ಐದನೆಯದು ಕಾಪರ್-ಟಿ ಎಂಬ ವಂಕಿ. ಗರ್ಭಾಶಯದಲ್ಲಿ ಇಡುವ ಈ ತಾಮ್ರದ ಸಾಧನವು, ಅದರ ಜಾತಿಗೆ ತಕ್ಕಂತೆ, ಐದು ಇಲ್ಲವೆ ಹತ್ತು ವರ್ಷಗಳವರೆಗೆ ಕೆಲಸ ಮಾಡುತ್ತದೆ. ವರ್ಷಕ್ಕೆ ನೂರರಲ್ಲಿ ಒಬ್ಬಳಿಗೂ ಅದು ತಪ್ಪುವದಿಲ್ಲ. ಬೇಡವಾದ ದಿನ ತೆಗೆಸಿದರೆ ಗರ್ಭಧಾರಣೆಯ ಶಕ್ತಿಯು ಮರಳಿ ಬರುತ್ತದೆ. ಹೆರಿಗೆಯಾದ 48 ತಾಸುಗಳೊಳಗೆ ಆಸ್ಪತ್ರೆಯಲ್ಲಿಯೇ ಇದನ್ನು ಇಡಿಸಿಕೊಳ್ಳಬಹುದು. ಮೊದಮೊದಲು ರಕ್ತಸ್ರಾವವೂ ಹೊಟ್ಟೆನೋವೂ ಸ್ವಲ್ಪ ಹೆಚ್ಚಬಹುದು. ಅದು ಎದೆಗೇರುತ್ತದೆ, ಹೊಟ್ಟೆಯಲ್ಲಿ ಕಳೆದುಹೋಗುತ್ತದೆ ಎಂಬ ಗಾಳಿಸುದ್ದಿಯಿಂದ ಬೆದರಿದವರು ಬಹಳ. ಎದೆಗೇರುವದು ಅಸಾಧ್ಯ, ಗರ್ಭಾಶಯವನ್ನು ದಾಟುವದು ತೀರ ವಿರಳ. ಯಾವ ಎಚ್ಚರವನ್ನೂ ವಹಿಸದೆ ಸಂಗವಾದರೆ 72 ತಾಸುಗಳೊಳಗೆ ತೆಗೆದುಕೊಳ್ಳುವ ತುರ್ತು ಗುಳಿಗೆಯೂ ಇದೆ. ಅದು ಆಪತ್ಕಾಲದ ಉಪಾಯವೇ ಹೊರತು ನಿತ್ಯದ್ದಲ್ಲ. ಗರ್ಭಪಾತವನ್ನು ಸಂತಾನ ನಿಯಮನದ ಉಪಾಯವೆಂದು ಬಗೆಯಬಾರದು. ಆದರೂ ಬೇರೆ ಗತಿಯಿಲ್ಲದಾಗ ಕದ್ದುಮುಚ್ಚಿ ಅಡ್ಡಕಸಬಿಯರ ಕೈಗೆ ಬೀಳುವ ಕಾರಣವಿಲ್ಲ. 1971ರ ಕಾನೂನೂ ಅದಕ್ಕೆ 2021ರಲ್ಲಿ ಆದ ತಿದ್ದುಪಡಿಯೂ ಸ್ತ್ರೀಗೆ ಆಸ್ಪತ್ರೆಯ ಬಾಗಿಲನ್ನು ತೆರೆದಿವೆ. ವಯಸ್ಕಳಾದವಳಿಗೆ ತನ್ನ ಸಮ್ಮತಿಯೊಂದೇ ಸಾಕು.

ಇನ್ನು ಶಾಶ್ವತವಾದ ಶಸ್ತ್ರಕ್ರಿಯೆಗಳು. ಹೆಂಗಸಿನದಕ್ಕೆ ಹೊಟ್ಟೆಯನ್ನು ಕೊಯ್ದು ಒಳಗಿನ ನಾಳಗಳನ್ನು ಕಟ್ಟಬೇಕು. ಗಂಡಸಿನದಕ್ಕೆ ಚರ್ಮದ ಕೆಳಗೇ ಇರುವ ಎರಡು ನಾಳಗಳನ್ನು ಒಂದು ಚಿಕ್ಕ ರಂಧ್ರದಿಂದ ಹೊರತೆಗೆದು ಕಟ್ಟಿದರೆ ಮುಗಿಯಿತು. ಕತ್ತಿಯಿಲ್ಲದೆ ಮಾಡುವ ಈ ಪದ್ಧತಿಯು ಎಪ್ಪತ್ತರ ದಶಕದಲ್ಲಿ ಚೀನದಲ್ಲಿ ಹುಟ್ಟಿ ಈಗ ನಮ್ಮ ಆಸ್ಪತ್ರೆಗಳಲ್ಲಿಯೂ ರೂಢವಾಗಿದೆ. ಆ ಜಾಗಕ್ಕಷ್ಟೇ ಅರಿವಳಿಕೆ ಕೊಡುತ್ತಾರೆ, ಹದಿನೈದು ನಿಮಿಷ ಸಾಕು, ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಬರಬಹುದು, ಎರಡು ದಿನಗಳಲ್ಲಿ ಹಗುರಾದ ಕೆಲಸಕ್ಕೆ ಹೋಗಬಹುದು. ಒಂದು ಎಚ್ಚರವು ಮಾತ್ರ ಅವಶ್ಯ: ಮೂರು ತಿಂಗಳವರೆಗೆ ನಿರೋಧವನ್ನು ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿಕೊಂಡು ನಿಶ್ಚಿಂತರಾಗಬೇಕು. ಎರಡು ಶಸ್ತ್ರಕ್ರಿಯೆಗಳನ್ನು ತೂಗಿ ನೋಡಿದರೆ ಅಪಾಯವು ಕಡಿಮೆಯಿರುವದು ಗಂಡಸಿನದರಲ್ಲಿ. ಆದರೆ ನಾವು ಆರಿಸಿಕೊಂಡಿರುವದು ಮತ್ತೊಂದನ್ನು!

ಇದಕ್ಕೆ ಗಂಡಸರು ಹೇಳುವ ಕಾರಣವು ಊರೂರಲ್ಲಿಯೂ ಒಂದೇ. ಶಕ್ತಿ ಕುಂದುತ್ತದೆ, ದುಡಿಯಲಾಗುವದಿಲ್ಲ, ಪುರುಷತ್ವವು ಹೋಗುತ್ತದೆ. ವೈದ್ಯಶಾಸ್ತ್ರವು ಇದನ್ನು ಸ್ಪಷ್ಟವಾಗಿ ಅಲ್ಲಗಳೆಯುತ್ತದೆ. ಪುರುಷತ್ವಕ್ಕೆ ಕಾರಣವಾದ ರಸವು ನೇರವಾಗಿ ರಕ್ತಕ್ಕೆ ಸೇರುತ್ತದೆ. ಕಟ್ಟಿದ ನಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ದುಡಿಮೆಯ ಮಾತು. ಹೊಟ್ಟೆಯ ಹೊಲಿಗೆ ಮಾಯುವ ಮೊದಲೇ ಸೊಂಟದ ಮೇಲೆ ಕೊಡ, ಕಂಕುಳಲ್ಲಿ ಕೂಸು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸನ್ನು ನಿತ್ಯವೂ ಕಾಣುವವರು, ಚರ್ಮದ ಒಂದು ರಂಧ್ರಕ್ಕೆ ಅಂಜಿ ದುಡಿಮೆಯ ನೆವವನ್ನು ಹೇಳಿದರೆ ಕೇಳಿದವರು ಏನೆನ್ನಬೇಕು? ಅಂಜಿಕೆಗೆ ಅಜ್ಞಾನವು ಕಾರಣವಾದರೆ ಕ್ಷಮಿಸಬಹುದು. ಆದರೆ ಅಕ್ಷರಸ್ಥರಾದ ಪಟ್ಟಣವಾಸಿಗಳೂ ಇದೇ ಮಾತನ್ನು ಆಡಿದರೆ ಅದಕ್ಕೆ ಸ್ವಾರ್ಥವೆಂಬ ಹೆಸರಲ್ಲದೆ ಬೇರೆ ಹೆಸರು ನಮಗೆ ತಿಳಿಯದು.

ಹಾಗೆಂದು ಗಂಡಸರನ್ನು ಮತ್ತೆ ಹಿಡಿತರಬೇಕೆಂದು ನಾವು ಹೇಳುತ್ತಿಲ್ಲ. ಅಂಥ ಮಾತನ್ನು ಯಾರೂ ನಮ್ಮ ಬಾಯಲ್ಲಿ ಇಡದಿರಲಿ. 1976ರಲ್ಲಿ ಬಡ ಗಂಡಸಿಗಾದ ಅನ್ಯಾಯವೂ 2014ರಲ್ಲಿ ಬಡ ಹೆಂಗಸಿಗಾದ ಅನ್ಯಾಯವೂ ಒಂದೇ ಬೇರಿನಿಂದ ಹುಟ್ಟಿದವು. ಮನುಷ್ಯನನ್ನು ಸಂಖ್ಯೆಯೆಂದು ಎಣಿಸಿದ್ದೇ ಆ ಬೇರು. ಆದ್ದರಿಂದ ಅಧಿಕಾರಿವರ್ಗದವರಿಗೆ ನಮ್ಮ ವಿನಂತಿಯು ಹೀಗಿದೆ. ತಿಂಗಳ ಕೊನೆಗೆ ಎಷ್ಟು ಶಸ್ತ್ರಕ್ರಿಯೆಗಳಾದವೆಂದು ಕೇಳುವದರ ಬದಲು, ಎಷ್ಟು ದಂಪತಿಗಳಿಗೆ ಎಲ್ಲ ಉಪಾಯಗಳನ್ನೂ ತಿಳಿಸಿಹೇಳಿದಿರೆಂದು ಕೇಳಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಗುಳಿಗೆ, ವಂಕಿ, ಚುಚ್ಚುಮದ್ದು ಎಂದೂ ತೀರದಂತೆ ನೋಡಿಕೊಳ್ಳಿರಿ. ಆಶಾ ಕಾರ್ಯಕರ್ತೆಯು ಹೆಂಗಸರೊಡನೆ ಮಾತನಾಡಬಲ್ಲಳು. ಗಂಡಸರೊಡನೆ ಮಾತನಾಡುವದಕ್ಕೆ ಗಂಡಸು ಆರೋಗ್ಯ ಸಹಾಯಕರನ್ನು ಕಳುಹಿಸಿರಿ. ಹೆಂಗಸಿನ ಶಸ್ತ್ರಕ್ರಿಯೆಗೆ ಗಂಡನ ಸಹಿಯು ಕಾಯಿದೆಯಿಂದ ಬೇಕಾಗಿಲ್ಲ. ಅವಳ ಸ್ವಂತ ಸಮ್ಮತಿಯು, ಅವಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಪಡೆದ ಸಮ್ಮತಿಯು, ಬೇಕೇಬೇಕು. ಹೆರಿಗೆಯ ನೋವಿನಲ್ಲಿರುವವಳ ಹೆಬ್ಬೆರಳನ್ನು ಕಾಗದಕ್ಕೆ ಒತ್ತಿಸಿದರೆ ಅದು ಸಮ್ಮತಿಯಾಗುವದಿಲ್ಲ.

ಗೃಹಸ್ಥರಿಗೆ ನಮ್ಮ ವಿನಂತಿಯು ಇನ್ನೂ ಸರಳವಾದದ್ದು. ಹೆಂಡತಿಯನ್ನು ಕೇಳಿರಿ. ಮುಂದಿನ ಮಗು ಯಾವಾಗ ಬೇಕು, ಬೇಕೋ ಬೇಡವೋ, ಅವಳ ಶರೀರವು ಏನು ಹೇಳುತ್ತದೆ ಎಂದು ಕೇಳಿರಿ. ಅವಳೊಡನೆ ಆಸ್ಪತ್ರೆಗೆ ಹೋಗಿರಿ. ಬಾಗಿಲ ಹೊರಗೆ ನಿಲ್ಲದೆ ಒಳಗೆ ಹೋಗಿ ವೈದ್ಯರ ಮಾತನ್ನು ಇಬ್ಬರೂ ಕೂಡಿ ಕೇಳಿರಿ. ನಿಮ್ಮಿಬ್ಬರಿಗೂ ಇನ್ನು ಮಕ್ಕಳು ಬೇಡವೆಂದು ನಿಶ್ಚಯವಾದ ದಿನ, ಯಾರ ಶಸ್ತ್ರಕ್ರಿಯೆಯು ಸುಲಭ, ಯಾರದು ಕಠಿಣವೆಂಬದನ್ನು ಪ್ರಾಮಾಣಿಕವಾಗಿ ಯೋಚಿಸಿರಿ. ಗರ್ಭದ ಹೊರೆಯನ್ನೂ ಹೆರಿಗೆಯ ನೋವನ್ನೂ ಹಂಚಿಕೊಳ್ಳುವದು ನಿಮ್ಮಿಂದ ಸಾಧ್ಯವಿಲ್ಲ. ಅದು ಪ್ರಕೃತಿಯ ನಿಯಮ. ಹಂಚಿಕೊಳ್ಳಲು ಸಾಧ್ಯವಿರುವ ಹೊರೆಯು ಇದೊಂದೇ.

1930ರಲ್ಲಿ ಮೈಸೂರಿನ ಸರಕಾರವು ಆಸ್ಪತ್ರೆಯ ಬಾಗಿಲನ್ನು ತೆರೆದಾಗ ಕನ್ನಡ ನಾಡು ಜಗತ್ತಿಗಿಂತ ಮುಂದಿತ್ತು. ಸುಮಾರು ತೊಂಬತ್ತು ವರ್ಷಗಳ ಬಳಿಕ ಅದೇ ನಾಡಿನ ಗಂಡಸರ ಲೆಕ್ಕದಲ್ಲಿ ಸೊನ್ನೆಯು ಕುಳಿತಿದೆ. ಆ ಸೊನ್ನೆಯನ್ನು ಅಳಿಸಲು ಯಾವ ಸರಕಾರಿ ಆಜ್ಞೆಯೂ ಬೇಕಾಗಿಲ್ಲ. ಮನೆಮನೆಯಲ್ಲಿ ಒಂದು ಸಂಜೆಯ ಮಾತುಕತೆಯಿಂದ ಆ ಕೆಲಸವು ಆರಂಭವಾಗಲೆಂದು ನಾವು ಹಾರೈಸುತ್ತೇವೆ.